ದೂರ ನಿಂತು ಹಿಡಿದ ನಗು

ಅಕ್ಕಾ,
ನೀನಿನ್ನೂ ನೋಡದ ನಿನ್ನ ಮೊಮ್ಮಗನ ಒಂದು ನಗುವಿಗೆ ಆದ ಖರ್ಚು: ಕೊಳ್ಳುವ ಮೊದಲು ನೋಡೋಣವೆಂದು ತಂದ ಎರಡು ಕ್ಯಾಮೆರಾ ಲೆನ್ಸಿನ ಬಾಡಿಗೆ, ಬಸ್ ಚಾರ್ಜು, ಜೊತೆಗೆ ನನ್ನ ಮರ್ಯಾದೆ. ಮೊದಲು ಪ್ರೈಮ್ ಲೆನ್ಸ್ ಹಾಕಿದೆ. ಚಿತ್ರವೇನೋ ಬಲು ಚೊಕ್ಕಟ, ಆದರೆ ಅದರಲ್ಲಿ ಜೂಮ್ ಇಲ್ಲ, ನಾವೇ ಹತ್ತಿರ ಹೋಗಬೇಕು. ಹೋದೆ. ನನ್ನ ಮೀಸೆ ಕಂಡದ್ದೇ ತಡ, ಮಗು ಸೂರು ಹಾರಿಹೋಗುವಂತೆ ಕಿರುಚಿತು.

"ಮಾವ, ನೀವು ದೂರ ಇದ್ರೇನೇ ಚೆಂದ!" ಎಂದು ನಿನ್ನ ಮಗಳು ನನ್ನನ್ನು ಅಡುಗೆಮನೆಗೆ ಅಟ್ಟಿದಳು. ಅಲ್ಲಿಂದಲೇ ಜೂಮ್ ಲೆನ್ಸ್ ತಿರುಗಿಸಿದೆ. ಅವನು ಕಾಲ್ಬೆರಳು ಹಿಡಿದುಕೊಂಡು ನಗುತ್ತಿದ್ದ, ಸಿಕ್ಕಿಬಿದ್ದ! ದಿನಬಳಕೆಗೆ ಜೂಮೇ ಸರಿ, ಅದನ್ನೇ ಕೊಳ್ಳುತ್ತೇನೆ. ಫೋಟೋ ಬೇರೆ ಕವರಿನಲ್ಲಿ ಬರುತ್ತದೆ. ನೀನು ಕೇಳಿದ್ದ ನನ್ನ ಕೆಮ್ಮು ಈಗ ವಾಸಿಯಾಗಿದೆ.

ಒಟ್ಟಿನಲ್ಲಿ ಬಾಡಿಗೆ ಕೊಟ್ಟ ಅಂಗಡಿಯವನಿಗೆ ಗಿರಾಕಿ, ನನಗೆ ಲೆನ್ಸು, ಮಗುವಿಗೆ ನೆಮ್ಮದಿ, ನಿನಗೆ ಮೊಮ್ಮಗನ ಮುಖ.
ನಿನ್ನ ತಮ್ಮ