ಬರಬೇಕಾದ ಬಡ್ಡಿ

ಪುಟ್ಟಿಯ ಅಪ್ಪನಿಗೆ,

ನೀವು ಬೇರೆ ಮನೆ ಮಾಡಿಕೊಂಡು ಹೋದಾಗ ಬಿಟ್ಟ ಸ್ವೆಟರ್, ಹಳೆಯ ಕನ್ನಡಕ, ಶೇವಿಂಗ್ ಸಾಮಾನು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಸಿಟ್ಟಿದ್ದೇನೆ. ಯಾರನ್ನಾದರೂ ಕಳಿಸಿ.

ನನ್ನ ಆಫೀಸಿನ ಮಾತೆಂದರೆ ನಿಮಗೆ ಆಕಳಿಕೆ. ಇವತ್ತೊಂದು ದಿನ ಕೇಳಿ. ಜನ ನಂಬಿ ಕೊಟ್ಟ ಹಣವನ್ನು ನಾವು ಕಂಪನಿಗಳಿಗೆ ಸಾಲ ಕೊಡುತ್ತೇವೆ. ಬಡ್ಡಿಯ ಆದಾಯ ಏರಿತೋ ಇಳಿಯಿತೋ ಎಂದು ಗ್ರಾಫ್ ಬರೆಯುವವಳು ನಾನು. ಒಂದು ಕಂಪನಿ ಪ್ರತಿ ಸಲವೂ "ಮುಂದಿನ ಸಲ ಖಂಡಿತ ಕೊಡ್ತೀವಿ" ಅನ್ನುತ್ತಿತ್ತು. ಆ ಬಾರದ ಬಡ್ಡಿಯನ್ನೂ ಬರಬೇಕಾದದ್ದು ಎಂದು ಆದಾಯಕ್ಕೆ ಸೇರಿಸುತ್ತಾ ಹೋದೆವು. ಗೆರೆ ಚೆಂದವಾಗಿ ಮೇಲೇರುತ್ತಿತ್ತು.

ನಿನ್ನೆ ಮ್ಯಾನೇಜರ್ ಬಂದು, "ಸಾಕು ಕಣಮ್ಮಾ, ಇನ್ಮೇಲೆ ಬರುತ್ತೆ ಅಂತ ಬರೀಬೇಡ. ಕೈಗೆ ಬಂದ ದಿನ ಬರೆದ್ರೆ ಸಾಕು" ಅಂದರು. ಹಾಗೆ ಸೇರಿಸಿದ್ದನ್ನೆಲ್ಲ ಅಳಿಸಿದೆ. ಗೆರೆ ದೊಪ್ಪನೆ ಬಿತ್ತು.

"ಯಾರದೋ ದುಡ್ಡಿಗೆ ನೀನ್ಯಾಕೆ ಇಷ್ಟು ಅಳ್ತೀಯೇ?" ಎಂದಳು ಪಕ್ಕದ ಮೇಜಿನವಳು.

ಮನೆಗೆ ಬಂದರೆ ಪುಟ್ಟಿ ಬಾಗಿಲಲ್ಲಿ ಕೂತು ನಿಮ್ಮ ಚಪ್ಪಲಿ ಒರೆಸುತ್ತಿದ್ದಳು. "ಅಪ್ಪ ಫೋನ್ ಮಾಡಿದ್ರು. ಭಾನುವಾರ ಬರ್ತಾರಂತೆ!"

ಹೋದ ಭಾನುವಾರವೂ ಹಾಗೇ ಹೇಳಿದ್ದಿರಿ. ಹೊಸ ಫ್ರಾಕಿನಲ್ಲೇ ನಿದ್ದೆ ಹೋದಳು. ನೀವು ಬರುತ್ತೇನೆಂದರೆ ಅವಳ ಪಾಲಿಗೆ ಬಂದ ಹಾಗೇ. ನನಗೂ ಹಾಗೇ ಇತ್ತು.

ಕೇಳಿಕೊಳ್ಳುವುದು ಇಷ್ಟೇ. ಬರುತ್ತೇನೆ ಎಂದು ಇನ್ನು ಅವಳಿಗೆ ಹೇಳಬೇಡಿ. ಬರುವುದಾದರೆ ಬಂದು ಬಾಗಿಲು ತಟ್ಟಿ.

ಪೆಟ್ಟಿಗೆಯಲ್ಲಿ ಚಪ್ಪಲಿ ಇಲ್ಲ. ಅವಳು ಕೊಡಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಇಂತಿ,
ಪುಟ್ಟಿಯ ಅಮ್ಮ