ಪರದೆಯಲ್ಲಿ ಕಾಣದ ಅಟ್ಟ

ಕೈದಿಗಳ ಮನಸ್ಸನ್ನು ದೂರದಿಂದಲೇ ಅಳೆಸುವ ಇಲಾಖೆಯ ಮಾನ್ಯ ಮುಖ್ಯಸ್ಥರೇ,

ನಮ್ಮ ಕಂದಿಕೆರೆಯಿಂದ ಕೊರೊನಾ ಹೋಗಿ ಎಷ್ಟೋ ಕಾಲವಾಯಿತು. ರೇಷನ್ ಅಂಗಡಿಯ ಮುಂದೆ ಬಳಿದಿದ್ದ ಸುಣ್ಣದ ವೃತ್ತಗಳೂ ಅಳಿಸಿಹೋದವು. ತಮ್ಮ ಕಚೇರಿಯಲ್ಲಿ ಮಾತ್ರ ಅದಿನ್ನೂ ಗೌರವಾನ್ವಿತ ಅತಿಥಿಯಾಗಿ ಉಳಿದಿದೆ. ಇಲ್ಲದಿದ್ದರೆ, ಸೋಂಕಿನ ಭಯಕ್ಕೆ ತಾತ್ಕಾಲಿಕವಾಗಿ ತಂದ ವಿಡಿಯೊ ತಪಾಸಣೆಯನ್ನೇ ಇವತ್ತಿಗೂ ನಡೆಸಿ, ವಾಸಿಯಾಗಿರುವ ನನ್ನ ತಮ್ಮ ರುದ್ರೇಶನನ್ನು ಇನ್ನೂ ಹುಚ್ಚನೆಂದೇ ಜೈಲಿನಲ್ಲಿ ಇಟ್ಟುಕೊಂಡಿರುತ್ತಿದ್ದಿರಾ?

ಅವನಿಗೆ ಏನೂ ಆಗಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಲಾಕ್‌ಡೌನಿನಲ್ಲಿ ಹಗಲಿರುಳೂ ಸಾವಿನ ಸುದ್ದಿ ನೋಡಿ ನೋಡಿ ತಲೆ ಕೆಟ್ಟಿತು. ರೋಗ ತೆಂಗಿನಕಾಯಿಯೊಳಗೆ ಕೂತಿದೆ ಎಂದು ನಂಬಿ, ಚಿಕ್ಕಪ್ಪ ಕಾಡಸಿದ್ದಪ್ಪನವರ ಕೊಬ್ಬರಿ ಅಟ್ಟಕ್ಕೆ ಬೆಂಕಿಯಿಟ್ಟ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ಆದರೆ ಕೊಬ್ಬರಿಯಾಗಲೆಂದು ವರ್ಷವಿಡೀ ಇಟ್ಟಿದ್ದ ಕಾಯಿಯೂ ಸೂರೂ ಹೋದವು. ಮನಸ್ಸು ಸ್ಥಿಮಿತಕ್ಕೆ ಬರುವವರೆಗೆ ವಿಚಾರಣೆ ಬೇಡವೆಂದು ನ್ಯಾಯಾಲಯ ಹೇಳಿದ್ದು ಸರಿಯೇ.

ಚಿಕಿತ್ಸೆಯ ವಿಷಯದಲ್ಲೂ ತಾವು ಪ್ರಪಂಚದ ಕಷ್ಟವನ್ನು ಮರೆಯಲಿಲ್ಲ. ಮಾತ್ರೆ ಕೇಳಿದರೆ, ಎಲ್ಲೋ ಯುದ್ಧವಂತೆ, ಹಡಗು ನಿಂತಿವೆಯಂತೆ, ದಾಸ್ತಾನಿಲ್ಲ ಎಂದರು ತಮ್ಮವರು. ಅದೇ ಮಾತ್ರೆ ತಿಪಟೂರಿನ ಮೆಡಿಕಲ್ ಸ್ಟೋರಿನಲ್ಲಿ ಸಿಕ್ಕಿತು. ಹಡಗು ಅಲ್ಲಿಗೆ ಯಾವ ಕೆರೆ ಹಾದು ಬಂತೋ ಕಾಣೆ. ತಂದುಕೊಟ್ಟೆ, ನುಂಗಿದ, ಹುಷಾರಾದ. ಈಗ ಅಮ್ಮನ ಮಂಡಿನೋವು ವಿಚಾರಿಸುತ್ತಾನೆ. ಮಾಡಿದ್ದನ್ನು ನೆನೆದು ಅಳುತ್ತಾನೆ.

ಆಮೇಲೆ ಬಂತು ತಮ್ಮ ಪರದೆ. ಅತ್ತ ಯಾವುದೋ ಊರಿನ ವೈದ್ಯರು, ಇತ್ತ ಇವನು. ನಡೆದದ್ದನ್ನು ಭೇಟಿಯಲ್ಲಿ ಅವನೇ ಹೇಳಿದ.

"ಅಟ್ಟದ ಕೆಳಗೆ ಬೆಂಕಿ ಹಾಕೋದು ತಪ್ಪಲ್ವಾ?" ಎಂದು ಕೇಳಿದರಂತೆ.

"ಮಳೆ ಹಿಡ್ದಾಗ ಹಾಕ್ಲೇಬೇಕಲ್ಲ ಸಾ. ಇಲ್ದಿದ್ರೆ ಕಾಯೆಲ್ಲ ಕೆಟ್ಟೋಯ್ತವೆ."

"ಮತ್ತೆ ಹಾಕ್ತೀಯಾ?"

"ಊರಿಗೋದ್ರೆ ಹಾಕ್ದೆ ಇರಕ್ಕಾಯ್ತದಾ ಸಾ?"

ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಬಂದ ತೀರ್ಮಾನ: ತಪ್ಪಿನ ಅರಿವಿಲ್ಲ, ಇನ್ನೂ ಅಸ್ವಸ್ಥ.

ಮಾನ್ಯರೇ, ಮಳೆಗಾಲದ ತೇವಕ್ಕೆ ಕಾಯಿ ಕೆಡದಿರಲೆಂದು ಅಟ್ಟದ ಕೆಳಗೆ ಒಣ ಸಿಪ್ಪೆ ಒಟ್ಟಿ, ಉರಿ ಏಳದಂತೆ ಹೊಗೆ ಹಾಕುವುದು ನಮ್ಮ ಕಡೆಯ ಪದ್ಧತಿ. ಚಿಕ್ಕಂದಿನಿಂದ ಆ ಕೆಲಸ ಮಾಡಿದವನಿಗೆ ಪ್ರಶ್ನೆ ಕೇಳಿದೊಡನೆ ನೆನಪಾದದ್ದು ಅದೇ. ಪೆದ್ದ, ಬಿಡಿಸಿ ಹೇಳಬೇಕಿತ್ತು. ವೈದ್ಯರನ್ನೂ ನಾನು ದೂರುವುದಿಲ್ಲ, ಪರದೆಯಲ್ಲಿ ಅವರಿಗೆ ನಮ್ಮ ಅಟ್ಟ ಹೇಗೆ ಕಂಡೀತು? ಕೊರೊನಾ ಬರುವ ಮೊದಲು ಎದುರು ಕೂತು ಮಾತಾಡಿಸುತ್ತಿದ್ದರಂತೆ, ಮನೆಯವರನ್ನೂ ಕರೆದು ಕೇಳುತ್ತಿದ್ದರಂತೆ. ಇವನನ್ನು ಪರದೆಯ ಮುಂದೆ ಕೂರಿಸಿದ ದಿನ ಬಾಗಿಲ ಹೊರಗಿನ ಬೆಂಚಿನಲ್ಲೇ ನಾನು ಕೂತಿದ್ದೆ. ಯಾರೂ ಕರೆಯಲಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಆದ್ದರಿಂದ ವೈದ್ಯರೊಬ್ಬರು ಅವನ ಎದುರು ಕೂತು ಮತ್ತೊಮ್ಮೆ ಪರೀಕ್ಷಿಸಲಿ, ಪಕ್ಕದಲ್ಲಿ ನನಗೊಂದು ಕುರ್ಚಿಯಿರಲಿ. ವಿಚಾರಣೆ ನಡೆಯಲಿ. ಶಿಕ್ಷೆಯಾದರೆ ಅನುಭವಿಸುತ್ತಾನೆ, ಅದಕ್ಕಾದರೂ ಒಂದು ಕೊನೆಯಿರುತ್ತದೆ. ತಾವು ಕೊಟ್ಟಿರುವುದಕ್ಕೆ ಅದೂ ಇಲ್ಲ.

ಮೊನ್ನೆ ಮಳೆ ಹಿಡಿಯಿತು. ಹೊಸ ಅಟ್ಟದ ಕೆಳಗೆ ಸಿಪ್ಪೆ ಒಟ್ಟುತ್ತಿದ್ದ ಚಿಕ್ಕಪ್ಪ ನನ್ನನ್ನು ಕಂಡು ಹೇಳಿದರು: "ಹೊಗೆ ಹದ ಅವ್ನಿಗೇ ಚೆನ್ನಾಗ್ ಗೊತ್ತಿದ್ದಿದ್ದು ಕಣವ್ವ. ಬೇಗ ಕರ್ಕೊಂಡ್ ಬಾ."

ಅಟ್ಟ ಸುಟ್ಟುಹೋದದ್ದು ಅವರದು. ಭಯ ಮಾತ್ರ ತಮಗೆ.

ಇಂತಿ,
ಬಾಗಿಲ ಹೊರಗಿನ ಬೆಂಚಿನಲ್ಲಿ ಇನ್ನೂ ಕೂತಿರುವ ಅಕ್ಕ,
ಗಿರಿಜಾಂಬಿಕಾ
ಕಂದಿಕೆರೆ