ಕರೆಂಟು ಹೋದ ಮೇಲಿನ ಸಿನಿಮಾ

ಶಿರಾ
ಗುರುವಾರ, ೧೨ ಜೂನ್ ೨೦೨೫

ಪ್ರೀತಿಯ ಅಮ್ಮನಿಗೆ,

ಕಾಗದ ನೋಡಿ ಗಾಬರಿಯಾಗಬೇಡ. ನಾನು, ಚೇತನ್, ಪುಟ್ಟಿ ಎಲ್ಲರೂ ಚೆನ್ನಾಗಿದ್ದೇವೆ. ಫೋನಿದ್ದೂ ಯಾಕೆ ಬರೆಯುತ್ತಿದ್ದೇನೆ ಅಂದರೆ, ನೀನು ಫೋನೆತ್ತಿದ ಕೂಡಲೇ ಸ್ಪೀಕರ್ ಹಾಕಿ ಹೊಲಿಗೆ ಮಿಷನ್ನಿನ ಮೇಲೆ ಇಟ್ಟುಬಿಡುತ್ತೀಯ. ರವಿಕೆ ಅಳತೆ ಕೊಡಲು ಬಂದವರೆಲ್ಲ ನನ್ನನ್ನು ಊಟ ಆಯಿತಾ, ಹಾಲು ಸಾಕಾಗುತ್ತಾ ಅಂತ ವಿಚಾರಿಸುತ್ತಾರೆ. ಇದು ಇಡೀ ಕೊಡಿಗೇನಹಳ್ಳಿಗೆ ಕೇಳಿಸುವ ಮಾತಲ್ಲ. ನಿನಗೊಬ್ಬಳಿಗೇ.

ನಮ್ಮ ಸಿನಿಮಾ ಸಿಕ್ಕಿತು, ಅಮ್ಮ. ಅದೇ, ಆರ್ಕೆಸ್ಟ್ರಾದವರದು. ಡಕೋಟ ವ್ಯಾನು, ಅದರ ನೆತ್ತಿಗೆ ಕಟ್ಟಿದ ಹಾರ್ಮೋನಿಯಂ, ಊರೂರು ಸುತ್ತಿ ಹಾಡುವ ಹಳದಿ ಲಂಗದ ಹುಡುಗಿ. ಯಾರೋ ಪುಣ್ಯಾತ್ಮರು ಪೂರ್ತಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಪೂರ್ತಿ ಅಂದೆ, ಗಮನಿಸು.

ನಾವು ಪೂರ್ತಿ ನೋಡಿದ್ದು ಯಾವಾಗ? ಹಬ್ಬ ಬಂದರೆ ಟಿವಿಯಲ್ಲಿ ನಾಲ್ಕು ಗಂಟೆಗೆ ಅದು ಶುರು, ಆರಕ್ಕೆ ಸರಿಯಾಗಿ ನಮ್ಮೂರಿನ ಕರೆಂಟು ಬಂದ್. ಸ್ಪರ್ಧೆಗೆ ಹೊರಟ ವ್ಯಾನು ಘಾಟಿಯಲ್ಲಿ ಕೆಟ್ಟು ನಿಂತು, ಆ ಹುಡುಗಿ ಕೆಳಗಿಳಿದು ಹಾಡಲು ಬಾಯಿ ತೆರೆಯುತ್ತಿದ್ದಳು, ಅಷ್ಟರಲ್ಲಿ ಟಿವಿ ಕಪ್ಪು. ಅಪ್ಪ ಹೊರಗೆ ಹೋಗಿ ಕರೆಂಟು ಕಂಬವನ್ನು ದುರುಗುಟ್ಟಿ ನೋಡಿ ಬರುತ್ತಿದ್ದರು, ಅದಕ್ಕೆ ನಾಚಿಕೆಯಾಗಲಿ ಎಂಬಂತೆ. ಅವಳು ತೆರೆದ ಬಾಯಿಯಿಂದ ನೀನು ಹಾಡನ್ನು ಎತ್ತಿಕೊಳ್ಳುತ್ತಿದ್ದೆ. ಮದುವೆಗೆ ಮುಂಚೆ ಮಧುಗಿರಿಯ ಟಾಕೀಸಿನಲ್ಲಿ ಎರಡು ಸಲ ನೋಡಿದ್ದೇನೆ ಅಂತ ಹೇಳಿ, ಜಗಲಿಯ ಮೇಲೆ ಕೂತು ಬೀದಿಯ ಹೆಂಗಸರಿಗೆಲ್ಲ ಮಿಕ್ಕ ಅರ್ಧ ಸಿನಿಮಾ ತೋರಿಸುತ್ತಿದ್ದೆ. ಪಕ್ಕದ ಮನೆ ಖಾಜಾಬಿ ಅತ್ತೆ ಮಾತ್ರ ಬಿಡುತ್ತಿರಲಿಲ್ಲ.

“ಲೇ ಓಬಳಮ್ಮ, ಯುಗಾದೀಲಿ ಆ ಹುಡ್ಗೀಗೆ ಮಗು ಇರ್ಲಿಲ್ಲ. ದೀಪಾವಳಿಗೆ ಎಲ್ಲಿಂದ ಬಂದ್ಬುಡ್ತು?”

“ನಡುವೆ ಏಳೆಂಟು ತಿಂಗ್ಳು ಆಗ್ಲಿಲ್ವಾ? ಸುಮ್ಕೆ ಕೇಳು ಖಾಜಾಬಿ.”

ಈಗ ಸೋಮವಾರದ ವಿಷಯ. ನಮ್ಮತ್ತೆ ಬೆಳಗಿನ ಬಸ್ಸಿಗೆ ನಾಗಲಮಡಿಕೆಯ ತಮ್ಮ ತಂಗಿಯ ಮನೆಗೆ ಹೋದರು. ಬಿಸಿಲು ಜಾಸ್ತಿ, ಇನ್ನೊಂದು ದಿನ ಹೋಗಿ ಅಂತ ಎರಡು ಸಲ ಹೇಳಿದ್ದೆ. ಆಕಾಶದಲ್ಲಿ ಮೋಡವಿತ್ತು. ಅವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ನಕ್ಕು ಹೊರಟೇಬಿಟ್ಟರು. ಚೇತನ್ ಕೆಲಸಕ್ಕೆ ಹೋದರು. ಪುಟ್ಟಿ ಹುಟ್ಟಿದ ಮೇಲೆ ನಾನು, ಅವಳು, ಇಬ್ಬರೇ ಇಡೀ ದಿನ ಇದ್ದದ್ದು ಅದೇ ಮೊದಲು.

ನಾನು ಬಿ.ಎಸ್ಸಿ. ಓದಿದವಳು ಅಮ್ಮ. ಮಕ್ಕಳ ಬಗ್ಗೆ ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಓದಿದಷ್ಟೂ ಹೆದರಿಕೆ. ಮಲಗಿದ ಕೂಸಿನ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ. ಅದು ಎಚ್ಚರವಾಗುತ್ತದೆ. ನಿದ್ದೆ ಮಾಡೋ ಕೂಸನ್ನ ಎಬ್ಬಿಸಿ ಉಸಿರಿದೆಯಾ ಅಂತ ಕೇಳುವವಳು ನೀನೊಬ್ಬಳೇ ಅಂತ ಅತ್ತೆ ಅನ್ನುತ್ತಾರೆ.

ಹನ್ನೊಂದರ ಸುಮಾರಿಗೆ ಪುಟ್ಟಿ ಅಳಲು ಶುರು ಮಾಡಿದಳು. ಹಾಲು ಕುಡಿಸಿದೆ, ಬಟ್ಟೆ ಬದಲಿಸಿದೆ, ತೇಗಿಸಿದೆ. ಜ್ವರವಿಲ್ಲ, ಹೊಟ್ಟೆ ಉಬ್ಬರವಿಲ್ಲ. ನಿಲ್ಲಿಸಲಿಲ್ಲ. ನಾನು ಇದಕ್ಕೆ ಹೇಳಿ ಮಾಡಿಸಿದವಳಲ್ಲ, ಈ ಮಗು ನನ್ನ ಕೈಯಲ್ಲಿ ಉಳಿಯುವುದಿಲ್ಲ ಅನ್ನಿಸಿ ನಾನೂ ಅತ್ತುಬಿಟ್ಟೆ. ಆಗ ನೆನಪಾಯಿತು, ನೀನು ಹೇಳುತ್ತಿದ್ದ ಹಾಗೆ ಆ ಸಿನಿಮಾದ ಕೊನೆಯಲ್ಲೂ ರಂಗದ ಹಿಂದಿನ ಜೋಲಿಯಲ್ಲಿ ಆ ಹುಡುಗಿಯ ಮಗು ಅಳುತ್ತಲ್ಲ? ಅವಳು ಏನು ಮಾಡಿದಳು? ಡಾಕ್ಟರಿಗೆ ಫೋನ್ ಮಾಡುವವರ ಹಾಗೆ ಅವಸರದಲ್ಲಿ ಹುಡುಕಿ, ಬೇಳೆ ಡಬ್ಬಕ್ಕೆ ಫೋನನ್ನು ಒರಗಿಸಿಟ್ಟೆ.

ವ್ಯಾನು ನಿಂತಿತು, ಅವಳು ಬಾಯಿ ತೆರೆದಳು, ಕರೆಂಟು ಹೋಗಲಿಲ್ಲ. ಅದೇ ಎಷ್ಟು ವಿಚಿತ್ರ ಅನ್ನಿಸಿತು ಗೊತ್ತಾ. ಮುಂದೆ ಬೆರಳಲ್ಲಿ ತಳ್ಳಿ ತಳ್ಳಿ ನೋಡಿದೆ. ಮೀಸೆಯವನೊಬ್ಬ ಹಾರ್ಮೋನಿಯಂ ಕದ್ದ, ಸ್ಪರ್ಧೆ ಗೆದ್ದರು, ಮದುವೆಯಾಯಿತು, ‘ಶುಭಂ’ ಬಂತು. ಮಗು ಬರಲೇ ಇಲ್ಲ. ಹಿಂದಕ್ಕೆ ಎಳೆದು ಇನ್ನೊಮ್ಮೆ ಹುಡುಕಿದೆ. ಎಲ್ಲೂ ಇಲ್ಲ.

ಅಮ್ಮ, ಸಿನಿಮಾದಲ್ಲಿ ಮಗುವೇ ಇಲ್ಲ.

ಆಮೇಲೆ ಪುಟ್ಟಿಯ ಕೆಳಗಿದ್ದ ಕೌದಿ ಕಣ್ಣಿಗೆ ಬಿತ್ತು, ನೀನು ಹೊಲಿದು ಕಳಿಸಿದ್ದು. ನಡುವೆ ಹಸಿರು ಬಟ್ಟೆ, ಕೆಂಪು ಅಂಚು. ನಿನ್ನ ಕಥೆ ಹಬ್ಬಕ್ಕೊಂದು ಥರ ಬದಲಾದರೂ ರಂಗದ ಹಿಂದೆ ಕಟ್ಟಿದ ಜೋಲಿಯ ಬಣ್ಣ ಒಂದು ಸಲವೂ ಬದಲಾಗಲಿಲ್ಲ. ಹಸಿರು ಸೀರೆ, ಕೆಂಪು ಅಂಚು. ಈ ಕೌದಿಗೆ ಹಾಕಿದ ಸೀರೆಯಲ್ಲೇ ನನಗೆ ಜೋಲಿ ಕಟ್ಟಿದ್ದೆ ಅಂತ ಅದನ್ನು ಹೊಲಿಯುವಾಗ ನೀನೇ ಹೇಳಿದ್ದೆ. ಹಾಗಾದರೆ ಅಷ್ಟು ವರ್ಷ ಆ ಜಗಲಿಯ ಮೇಲೆ ಅತ್ತ ಮಗು ನಾನೇ ಅಲ್ಲವೇನಮ್ಮ? ನಿನ್ನ ಕಥೆಯಲ್ಲಿ ಹಾಡಿನ ಮಧ್ಯೆ ಪದ ಮರೆತು, ಅಳುವ ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಬಂದು ಜನರ ಮುಂದೆ ನಿಂತವಳು ಯಾರು ಅಂತ ಕೇಳಬೇಕಾಗಿಲ್ಲ. ಅವಳು ವಾದ್ಯದವರಿಗೆ ಹೇಳಿದ್ದೂ ಆಗಲೇ ನಿನ್ನ ದನಿಯಲ್ಲೇ ನೆನಪಾಯಿತು.

“ಅಳ್ತಾ ಐತೆ ಅಂದ್ರೆ ಉಸ್ರು ಗಟ್ಟಿಯಾಗೈತೆ ಕಣ್ರಪ್ಪ. ನೀವು ತಾಳ ಬುಡಬ್ಯಾಡಿ.”

ನನಗೆ ನಗು ಬಂತು. ಎಷ್ಟೋ ದಿನದಿಂದ ಬಾರದ್ದು. ಪುಟ್ಟಿಯನ್ನು ಸೊಂಟಕ್ಕೆ ಹಾಕಿಕೊಂಡು, ಕುಕ್ಕರಿಗೆ ಬೇಳೆ ಹಾಕುತ್ತಾ ಆ ಹಾಡನ್ನು ನಿನ್ನ ಪದಗಳಲ್ಲೇ ಹಾಡಿದೆ. ಸಿನಿಮಾದ ಪದಗಳಿಗಿಂತ ಅವೇ ಚೆನ್ನಾಗಿವೆ. ತಕ್ಷಣ ಸುಮ್ಮನಾದಳು ಅಂತ ಬರೆದರೆ ನಿನ್ನ ಮಗಳೇ ಸರಿ ಅನ್ನುತ್ತೀಯ. ಇಲ್ಲ, ಚೆನ್ನಾಗಿ ಅತ್ತಳು. ನಾನೂ ಬಿಡದೆ ಹಾಡಿದೆ. ಕೊನೆಗೆ ಇಬ್ಬರಲ್ಲಿ ಯಾರು ಮೊದಲು ಮಲಗಿದೆವೋ ಗೊತ್ತಿಲ್ಲ. ಕುಕ್ಕರು ಕೂಗಿ ಕೂಗಿ ಬೇಳೆಯೆಲ್ಲ ಸೀದುಹೋಯಿತು.

ಸಂಜೆ ಬಂದ ಅತ್ತೆ ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. ಒಲೆ ಆರಿಸದೆ ಮಲಗಿದ್ದಕ್ಕೆ ಬೈದರು. ಆಮೇಲೆ ನನ್ನ ಗಲ್ಲ ಹಿಡಿದು ನೋಡಿ, “ಬೇಳೆ ಹೋಗ್ಲಿ ಬುಡು, ನಿನ್ ಮಕ ಈಗ ಮನುಷ್ರ ಮಕ ಇದ್ದಂಗೈತೆ” ಅಂದರು.

ಮಧುಗಿರಿ ಟಾಕೀಸಿಗೆ ನೀನು ಹೋಗಿದ್ದು ನಿಜವಾ ಅಂತ ನಾನು ಕೇಳುವುದಿಲ್ಲ. ಖಾಜಾಬಿ ಅತ್ತೆಗೂ ಹೇಳುವುದಿಲ್ಲ, ಭಯಪಡಬೇಡ. ನಾನೀಗ ಧೈರ್ಯವಾಗಿದ್ದೇನೆ. ಹೊಲಿಗೆ ಬಿಟ್ಟು ಓಡಿಬರುವ ಅಗತ್ಯವೇನೂ ಇಲ್ಲ.

ನಿನ್ನ ಜೋಲಿಯ ಕೂಸು,
ಮಧುಶ್ರೀ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಮತ್ತೆ ಹೋಗಿ ಪುಟ್ಟಿಯ ಮೂಗಿನ ಕೆಳಗೆ ಬೆರಳಿಟ್ಟು ಬಂದೆ. ಬಾ ಅಮ್ಮ, ನಾಲ್ಕು ದಿನ ಇರುವಂತೆ ಬಾ. ಇಲ್ಲಿ ಆರು ಗಂಟೆಗೆ ಕರೆಂಟು ಹೋಗುವುದಿಲ್ಲ, ವ್ಯಾನು ನಿಂತ ಕೂಡಲೇ ನಾನೇ ಟಿವಿ ಆರಿಸುತ್ತೇನೆ. ಮುಂದಿನದು ನೀನೇ ಹೇಳು. ಆ ಹುಡುಗಿ ಜೋಲಿಯ ಹತ್ತಿರ ದಿನಕ್ಕೆ ಎಷ್ಟು ಸಲ ಹೋಗಿ ಬೆರಳಿಟ್ಟು ನೋಡುತ್ತಿದ್ದಳು ಅನ್ನುವುದನ್ನೂ ಈ ಸಲ ಸೇರಿಸಿಕೋ.